ಮಳೆಗೆ ಮೊದಲು ಬಂದು ಕೇಳಿ

ಮೇ ತಿಂಗಳು ಬಂತೆಂದರೆ ಕೊಡಗಿನಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಚರಂಡಿ ಬಿಡಿಸಬೇಕು, ಒಡೆದ ಹೆಂಚು ಬದಲಿಸಬೇಕು, ಸೌದೆ ಒಳಗೆ ಸೇರಬೇಕು, ತೋಟದಲ್ಲಿ ಮರ ಕಪಾತು ಮುಗಿಯಬೇಕು. ನನಗೂ ನನ್ನ ಗೆಳೆಯರಿಗೂ ಈ ತಿಂಗಳಲ್ಲಿ ಇನ್ನೊಂದು ಕೆಲಸವಿದೆ. ಅಂಗವಿಕಲರಿರುವ ಮನೆಗಳಿಗೆ ಹೋಗಿ, ಜಗಲಿಯಲ್ಲಿ ಕುಳಿತು, ಮಳೆಗಾಲದಲ್ಲಿ ಗುಡ್ಡ ಜರಿದು ಮನೆ ಬಿಡಬೇಕಾಗಿ ಬಂದರೆ ಅವರಿಗೆ ಏನು ಬೇಕಾಗುತ್ತದೆ ಎಂದು ಕೇಳಿ ಬರೆದುಕೊಂಡು ಬರುತ್ತೇವೆ.

ಕೇಳುವುದು ಏನನ್ನು? ಮನೆಯಿಂದ ಜೀಪು ಬರುವ ರಸ್ತೆಗೆ ಎಷ್ಟು ದೂರ ನಡೆಯಬೇಕು. ಮಧ್ಯೆ ತೋಡು ಇದ್ದರೆ ಅದನ್ನು ದಾಟಲು ಏನಿದೆ, ಜೋರು ಮಳೆಯಲ್ಲಿ ಅದು ಉಳಿಯುತ್ತದೆಯೇ. ಪಕ್ಕದ ಮನೆಯಲ್ಲಿ ಗಟ್ಟಿಮುಟ್ಟಾದವರು ಯಾರಿದ್ದಾರೆ, ಅವರು ಹಗಲು ಕೆಲಸಕ್ಕೆ ಹೋದರೆ ಹತ್ತಿರ ಉಳಿಯುವವರು ಯಾರು. ಧ್ವನಿವರ್ಧಕದಲ್ಲಿ ಕೂಗಿದ್ದು ಕೇಳಿಸುತ್ತದೆಯೇ. ಕರೆಂಟು ಹೋದ ಮೇಲೆ ಮೊಬೈಲ್ ಎಷ್ಟು ಹೊತ್ತು ಬಾಳುತ್ತದೆ. ಫಿಟ್ಸ್ ಮಾತ್ರೆ, ಮೂತ್ರದ ನಳಿಗೆ, ಇನ್ಸುಲಿನ್ ಇಂಥವುಗಳಲ್ಲಿ ಯಾವುದು ಬೇಕು. ಮನೆ ಬಿಟ್ಟು ಹೊರಡುವಾಗ ಆ ವ್ಯಕ್ತಿಯ ಜೊತೆ ಬರಲೇಬೇಕಾದ ವಸ್ತು ಯಾವುದು. ಈ ಕೊನೆಯ ಕಾಲಂ ನಾನೇ ಹಠ ಹಿಡಿದು ಸೇರಿಸಿದ್ದು. ಕಾರಣ ಮುಂದೆ ಹೇಳುತ್ತೇನೆ.

ನಮ್ಮದು ನೋಂದಾಯಿತ ಸಂಘವಲ್ಲ. ಹೆಚ್ಚಿನವರು ಇಪ್ಪತ್ತರಿಂದ ಮೂವತ್ತರ ನಡುವಿನವರು. ನನಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ, ಎರಡು ಊರುಗೋಲು ಹಿಡಿದು ನಡೆಯುತ್ತೇನೆ, ಮಡಿಕೇರಿಯಲ್ಲಿ ಲೆಕ್ಕಪತ್ರ ಬರೆಯುವ ಕೆಲಸ. ವಿರಾಜಪೇಟೆ ಕಡೆಯ ಗೆಳತಿಗೆ ಕಿವಿ ಕೇಳಿಸುವುದಿಲ್ಲ, ಹೊಲಿಗೆ ಅವಳ ಕಸುಬು. ಸೋಮವಾರಪೇಟೆ ಕಡೆಯ ಅಣ್ಣ ಒಬ್ಬರು ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು, ಈಗ ಗಾಲಿಕುರ್ಚಿ ಬಳಸುತ್ತಾರೆ. ಕಣ್ಣು ಕಾಣದ ತಮ್ಮ ಒಬ್ಬನಿದ್ದಾನೆ, ಪದವಿ ಓದುತ್ತಿದ್ದಾನೆ. ಅಂಗವಿಕಲರಲ್ಲದ ಕೆಲವು ಕಾಲೇಜು ವಿದ್ಯಾರ್ಥಿಗಳೂ ಜೊತೆಗಿದ್ದಾರೆ. ಬೈಕು ಓಡಿಸುವುದು, ಬೆಟ್ಟ ಹತ್ತಿ ಒಂಟಿ ಮನೆಗಳಿಗೆ ಹೋಗುವುದು ಅವರ ಪಾಲು. ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ನಿರ್ಧರಿಸುವವರು ನಾವು.

ಇದನ್ನು ಸಮಾಜಸೇವೆ ಎಂದು ಹೊಗಳುವವರು ಬಹಳ ಮಂದಿ. ಆದರೆ ಇದು ಕಾನೂನೇ ಹೇಳಿರುವ ಕೆಲಸ. 2016ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ, 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಸರ್ಕಾರಿ ಉದ್ಯೋಗದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5ರ ಮೀಸಲಾತಿ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಹೊಸದು ಆಟಿಸಂ, ಪಾರ್ಕಿನ್ಸನ್, ಸಿಕಲ್ ಸೆಲ್ ಕಾಯಿಲೆ ಎಲ್ಲ ಸೇರಿ 21ನ್ನು ಗುರುತಿಸಿತು. ಅದೂ ಪತ್ರಿಕೆಗಳಲ್ಲಿ ಬಂತು. ಕೊಡಗಿನವರು ಬಿಡದೆ ಓದಬೇಕಾದದ್ದು ಅದರ 8ನೇ ಸೆಕ್ಷನ್. ಪ್ರಕೃತಿ ವಿಕೋಪದ ಹೊತ್ತಿನಲ್ಲಿ ಅಂಗವಿಕಲರಿಗೂ ಎಲ್ಲರಿಗೆ ಸಮನಾದ ರಕ್ಷಣೆ ಸಿಗಬೇಕು, ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡಿರಬೇಕು, ಅಪಾಯ ಎದುರಾಗುವಾಗ ಅವರಿಗೆ ತಿಳಿಸಲು ತಕ್ಕ ಕ್ರಮ ಕೈಗೊಳ್ಳಬೇಕು ಎಂದು ಅದು ಹೇಳುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿಯದೂ ಇದೇ ಆಶಯ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2019ರಲ್ಲಿ ಇದಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ಆ ಸೆಕ್ಷನ್ ಓದಿದಾಗ ನನಗೆ ನೆನಪಾದದ್ದು 2018ರ ಆಗಸ್ಟ್.

ಆ ವರ್ಷ ನಾನು ದ್ವಿತೀಯ ಪಿಯುಸಿ. ನಮ್ಮ ಮನೆ ಮಕ್ಕಂದೂರು ಕಡೆ, ರಸ್ತೆಯಿಂದ ಕೆಳಗಿನ ಇಳಿಜಾರಿನಲ್ಲಿತ್ತು. ಆಶ್ಲೇಷ ಮಳೆ ಬಿಡದೆ ಹೊಡೆಯಿತು. ಕರೆಂಟಿಲ್ಲ, ಫೋನಿಲ್ಲ, ಅಂಗಳದ ಒರತೆಗಳಲ್ಲಿ ಕೆಂಪು ನೀರು. ಒಂದು ಬೆಳಗಿನ ಜಾವ ಗುಡ್ಡದ ಒಳಗಿಂದ ಸದ್ದು ಬಂತು. ಗುಡುಗಾದರೆ ಮೇಲಿನಿಂದ ಕೇಳಿಸಬೇಕು, ಇದು ಅಂಗಾಲಿಗೆ ಕೇಳಿಸಿತು. ನೆರೆಮನೆಯ ಅಣ್ಣಂದಿರಿಬ್ಬರು ಓಡಿ ಬಂದು, “ಬಾ ತಂಗೀ, ಹೊತ್ತುಕೊಳ್ಳುತ್ತೇವೆ, ಹೆದರಬೇಡ” ಎಂದು ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಮೇಲಿನ ರಸ್ತೆಗೆ ಹತ್ತಿದರು. ಅವರ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಒಬ್ಬರಿಗೆ ಉಸಿರು ಕಟ್ಟಿದರೆ ಇನ್ನೊಬ್ಬರು ಹೊರುತ್ತಿದ್ದರು. ಅವರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ. ನನ್ನ ಊರುಗೋಲುಗಳು ಮಾತ್ರ ಜಗಲಿಯ ಮೂಲೆಯಲ್ಲೇ ಉಳಿದವು. ಸಂಜೆಯ ಹೊತ್ತಿಗೆ ಆ ಜಗಲಿಯೂ ಇರಲಿಲ್ಲ.

ನಮ್ಮನ್ನು ಸೇರಿಸಿದ್ದು ಒಂದು ಶಾಲೆಯ ಕಟ್ಟಡಕ್ಕೆ. ಅನ್ನಕ್ಕೆ, ಹೊದಿಕೆಗೆ, ಜನರ ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ. ರಾಜ್ಯದ ಮೂಲೆ ಮೂಲೆಗಳಿಂದ ಲಾರಿಗಟ್ಟಲೆ ಬಟ್ಟೆ, ಬಿಸ್ಕತ್ತು, ನೀರಿನ ಬಾಟಲಿ ಬಂದವು. ಶೌಚಾಲಯ ಇದ್ದದ್ದು ಕಟ್ಟಡದ ಹಿಂದೆ, ಪಾಚಿ ಕಟ್ಟಿದ ಅಂಗಳ ದಾಟಿ, ಮೂರು ಮೆಟ್ಟಿಲು ಹತ್ತಿ. ಊರುಗೋಲಿಲ್ಲದೆ ನಾನು ಕೂರಬಲ್ಲೆ, ತೆವಳಬಲ್ಲೆ, ನಡೆಯಲಾರೆ. ಪ್ರತಿ ಸಲವೂ ಅವ್ವ ಒಂದು ಕಡೆ, ಇನ್ಯಾರಾದರೂ ಇನ್ನೊಂದು ಕಡೆ ಹಿಡಿಯಬೇಕಿತ್ತು. ಅವ್ವನಿಗೆ ಆಗಲೇ ಸೊಂಟ ನೋವು. ಹಾಗಾಗಿ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಮಧ್ಯಾಹ್ನದ ಮೇಲೆ ತುಟಿ ಒದ್ದೆ ಮಾಡಿಕೊಳ್ಳುವಷ್ಟು ಮಾತ್ರ. ಅದೇ ಕೋಣೆಯಲ್ಲಿ ಪಾರ್ಶ್ವವಾಯುವಿನಿಂದ ಒಂದು ಮಗ್ಗುಲು ಬಿದ್ದುಹೋದ ಅಜ್ಜ ಒಬ್ಬರಿದ್ದರು. ಸ್ವಯಂಸೇವಕರು ಚಹಾ ಕೊಡಲು ಬಂದಾಗ ಅವರು ಲೋಟವನ್ನು ಪಕ್ಕಕ್ಕೆ ಸರಿಸುವುದನ್ನು ನೋಡಿದೆ. ಅವರಿಗೆ ಚಹಾ ಬೇಡವಾಗಿತ್ತು ಎಂದು ಉಳಿದವರು ತಿಳಿದರು. ನನಗೆ ಗೊತ್ತಾಗಿತ್ತು, ಅವರಿಗೆ ಚಹಾ ಬೇಕಾಗಿತ್ತು.

ಕೊನೆಗೆ ಯಾರೋ ಒಂದು ದೊಡ್ಡ ಗಾಲಿಕುರ್ಚಿ ಕಳುಹಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿದ್ದು. ಅದು ಆ ಅಂಗಳದಲ್ಲಿ ಉರುಳಲಿಲ್ಲ, ಮೆಟ್ಟಿಲು ಹತ್ತಲಿಲ್ಲ. ನನಗೆ ಬೇಕಾದದ್ದು ನನ್ನ ಎತ್ತರದ ಒಂದು ಜೊತೆ ಊರುಗೋಲು. ಅಷ್ಟು ಲಾರಿಗಳಲ್ಲಿ ಅದು ಇರಲಿಲ್ಲ, ಏಕೆಂದರೆ ಬೇಕಾದ ಸಾಮಾನುಗಳ ಪಟ್ಟಿ ಬರೆಯುವಾಗ ನಮ್ಮಂಥವರನ್ನು ಯಾರೂ ಕೇಳಿರಲಿಲ್ಲ.

ಆಗ ಅರ್ಥವಾದದ್ದು ಇಂದಿಗೂ ನನ್ನ ಎಲ್ಲ ಕೆಲಸಕ್ಕೆ ಬುನಾದಿ. ಈ ಜಿಲ್ಲೆಯಲ್ಲಿ ಹೊತ್ತುಕೊಂಡು ಓಡುವ ಹೆಗಲುಗಳಿಗೆ ಬರವಿಲ್ಲ. ಮೊದಲೇ ಬಂದು “ನಿನಗೆ ಏನು ಬೇಕಾಗುತ್ತದೆ?” ಎಂದು ಕೇಳುವವರಿಗೆ ಬರ. ಹೊತ್ತುಕೊಂಡು ಹೋಗುವುದು ಅವರ ದೊಡ್ಡತನ. ಕೇಳಿಸಿಕೊಳ್ಳುವುದು ನಮ್ಮ ಹಕ್ಕು, ಅದನ್ನು ಯಾರ ದೊಡ್ಡತನದ ಮೇಲೂ ಬಿಡಬಾರದು.

ಕಾಲೇಜು ಮುಗಿಸಿದ ಮೇಲೆ ಅಂಗವಿಕಲರ ಚಳವಳಿಯ ಚರಿತ್ರೆ ಓದತೊಡಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 1977ರ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿನವರು ಹೊಸ ಕಾನೂನು ಕೇಳಲಿಲ್ಲ. ಸರ್ಕಾರದ ಹಣದಿಂದ ನಡೆಯುವ ಯಾವುದರಿಂದಲೂ ಅಂಗವಿಕಲರನ್ನು ಹೊರಗಿಡಬಾರದು ಎನ್ನುವ 504ನೇ ಸೆಕ್ಷನ್ ಅಮೆರಿಕದಲ್ಲಿ 1973ರಲ್ಲೇ ಬಂದಿತ್ತು. ಅದನ್ನು ಜಾರಿಗೊಳಿಸುವ ನಿಯಮಗಳಿಗೆ ಸಹಿ ಬೀಳದೆ ನಾಲ್ಕು ವರ್ಷ ಕಳೆದಿತ್ತು. ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಜನ ಅಲ್ಲಿನ ಕೇಂದ್ರ ಸರ್ಕಾರದ ಕಟ್ಟಡದೊಳಗೆ ಹೋಗಿ ಕುಳಿತವರು ಮೇಲೇಳಲಿಲ್ಲ. ಮುಂದಾಳುಗಳಲ್ಲಿ ಒಬ್ಬರಾದ ಜೂಡಿ ಹ್ಯೂಮನ್ ಅವರಿಗೆ ಆಗ 29 ವರ್ಷ. ಪೋಲಿಯೊದಿಂದಾಗಿ ಗಾಲಿಕುರ್ಚಿ ಬಳಸುತ್ತಿದ್ದ ಅವರನ್ನು ಐದನೇ ವಯಸ್ಸಿನಲ್ಲಿ, ಬೆಂಕಿ ಬಿದ್ದರೆ ನಿನ್ನಿಂದ ಅಪಾಯ ಎಂದು ಶಾಲೆ ಸೇರಿಸಿಕೊಂಡಿರಲಿಲ್ಲ. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಶಿಕ್ಷಕಿಯ ಪರವಾನಗಿ ನಿರಾಕರಿಸಿದಾಗ ಕೋರ್ಟಿನ ಮೆಟ್ಟಿಲೇರಿ ಅದನ್ನು ಪಡೆದವರು ಅವರು.

ಆ ಕಟ್ಟಡದೊಳಗಿನ ದಿನಗಳ ವಿವರ ಓದುವಾಗ ನನ್ನ ಕಣ್ಣ ಮುಂದೆ ನಮ್ಮ ಪರಿಹಾರ ಕೇಂದ್ರ ಬರುತ್ತದೆ. ಅಲ್ಲೂ ನೆಲದ ಮೇಲೇ ಮಲಗಿದ್ದರು. ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದವರು ಅವರಲ್ಲಿದ್ದರು, ಹೊತ್ತಿಗೆ ಸರಿಯಾಗಿ ಔಷಧಿ ಬೇಕಾದವರಿದ್ದರು. ಒಬ್ಬರಿಗೆ ಏನು ಬೇಕೆಂದು ಇನ್ನೊಬ್ಬರು ಕೇಳಿ ತಿಳಿದುಕೊಂಡು, ಕೈಲಾದವರು ಕೈಲಾಗದವರಿಗೆ ಊಟ ಮಾಡಿಸಿ, ಮಗ್ಗುಲು ಹೊರಳಿಸಿ ದಿನ ನೂಕಿದರು. ಕಟ್ಟಡದ ಫೋನ್ ಸಂಪರ್ಕ ಕಡಿದಾಗ ಕಿವುಡ ಚಳವಳಿಗಾರರು ಕಿಟಕಿಯಲ್ಲಿ ನಿಂತು ಸನ್ನೆ ಭಾಷೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿ ಊಟ ತಂದುಕೊಟ್ಟರು. ಏಪ್ರಿಲ್ 28ರಂದು ಸಹಿ ಬಿತ್ತು.

ನಮ್ಮ ಕಿವುಡ ಗೆಳತಿಗೆ ಈ ಕಿಟಕಿಯ ಕಥೆಯನ್ನು ಬರೆದು ತೋರಿಸಿದಾಗ ಅವಳು ಎರಡು ಸಲ ಓದಿದಳು. ಆಮೇಲೆ ತನ್ನ 2019ರ ಆಗಸ್ಟ್ ಅನ್ನು ಹೇಳಿದಳು. ಆ ವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಜರಿದು ಜನ ಸತ್ತಿದ್ದರು, ಸುತ್ತಲಿನ ಊರುಗಳಲ್ಲೆಲ್ಲ ಭಯ ಕವಿದಿತ್ತು. ಇವಳು ಮನೆಯಲ್ಲಿ ಒಬ್ಬಳೇ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾಗ ಜಾಗ ಖಾಲಿ ಮಾಡಿ ಎಂದು ಧ್ವನಿವರ್ಧಕದಲ್ಲಿ ಕೂಗುತ್ತ ವಾಹನವೊಂದು ಹೋಗಿದೆ. ಅಕ್ಕಪಕ್ಕದವರು ಹೊರಟಿದ್ದಾರೆ. ಇವಳು ಇನ್ನೊಂದು ರವಿಕೆಗೆ ತೋಳು ಜೋಡಿಸಿದ್ದಾಳೆ. ದಾರಿಯಲ್ಲಿ ಯಾರಿಗೋ ನೆನಪಾಗಿ ವಾಪಸು ಬಂದು ಭುಜ ಮುಟ್ಟಿದ ಮೇಲೆ ಅವಳಿಗೆ ವಿಷಯ ತಿಳಿದದ್ದು.

ಈಗ ಕಿವುಡರಿರುವ ಪ್ರತಿ ಮನೆಗೂ ಅವಳೇ ಒಂದು ಏರ್ಪಾಡು ಮಾಡಿಸುತ್ತಾಳೆ. ನೆರೆಯ ಇಬ್ಬರು ಹೊಣೆ ಹೊರಬೇಕು, ಇಬ್ಬರ ಹೆಸರೂ ಗೋಡೆಯ ಮೇಲೆ ಬರೆದಿರಬೇಕು. ಹಗಲಾದರೆ ಒಳಗೆ ಬಂದು ಭುಜ ಮುಟ್ಟಬೇಕು. ರಾತ್ರಿಯಾದರೆ ಮಲಗುವ ಕೋಣೆಯ ಕಿಟಕಿಗೆ ಟಾರ್ಚ್ ಬಿಟ್ಟು ಬಿಟ್ಟು ಹೊಡೆಯಬೇಕು, ಒಳಗಿನಿಂದ ಮರಳಿ ಬೆಳಕು ಕಾಣುವವರೆಗೆ ನಿಲ್ಲಿಸಬಾರದು. ಆ ಕಿಟಕಿಗೆ ಪರದೆ ಹಾಕಬಾರದು ಎಂಬುದೂ ಅವಳ ಷರತ್ತು. ಅದನ್ನು ಅಲ್ಲೇ ಅಭ್ಯಾಸ ಮಾಡಿಸಿ ನೋಡದೆ ಅವಳು ಮನೆ ಬಿಡುವುದಿಲ್ಲ. ಯಾವ ಮಾರ್ಗಸೂಚಿ ಬರೆಯುವವರಿಗೂ ಹೊಳೆಯದ ಪರದೆಯ ವಿಚಾರ ಅವಳಿಗೆ ಹೊಳೆಯಿತು.

ನಮ್ಮ ದೇಶದ ಚರಿತ್ರೆಯಲ್ಲೂ ಯುವಕರೇ ಮುಂದೆ ಕಾಣುತ್ತಾರೆ. 1995ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಅಂಗವಿಕಲರನ್ನು ಬೀದಿಗಿಳಿಸಿದ ಜಾವೇದ್ ಅಬಿದಿ ಅವರಿಗೆ ಆಗ ಮೂವತ್ತು ವರ್ಷ. ಅದೇ ತಿಂಗಳು ಸಂಸತ್ತು ಅಂಗವಿಕಲರ ಹಕ್ಕುಗಳಿಗೆಂದೇ ದೇಶದ ಮೊದಲ ಕಾಯ್ದೆಯನ್ನು ಅಂಗೀಕರಿಸಿತು. 1991ರ ಜನಗಣತಿಯಲ್ಲಿ ಅಂಗವೈಕಲ್ಯದ ಪ್ರಶ್ನೆಯೇ ಇರಲಿಲ್ಲ. ಅಬಿದಿ ಮತ್ತು ಸಂಗಡಿಗರು ಪಟ್ಟು ಹಿಡಿದ ಮೇಲೆ 2001ರಲ್ಲಿ ಅದು ಸೇರಿತು. 2011ರಲ್ಲಿ ಎಣಿಸಿದಾಗ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು ಲೆಕ್ಕಕ್ಕೆ ಬಂದರು. ಪಟ್ಟಿಯಲ್ಲಿ ಕಾಲಂ ಇಲ್ಲದಿದ್ದರೆ ಮನುಷ್ಯರೇ ಇಲ್ಲವಾಗುತ್ತಾರೆ ಎಂಬುದನ್ನು ಅಬಿದಿಯವರು ಅಷ್ಟು ಹಿಂದೆಯೇ ಕಂಡಿದ್ದರು. ಅವರು 2018ರಲ್ಲಿ ತೀರಿಕೊಂಡರು. ಅವರ ಈ ಹೋರಾಟದ ಬಗ್ಗೆ ನಮ್ಮ ಶಾಲೆಯಲ್ಲಿ ಒಂದು ಸಾಲಿನ ಪಾಠವೂ ಇರಲಿಲ್ಲ ಎನ್ನುವುದು ನನಗೆ ಇಂದಿಗೂ ನೋವು.

ಇತ್ತೀಚಿನವರೂ ಇದ್ದಾರೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಯುವಕ ನಾಗರಿಕ ಸೇವಾ ಪರೀಕ್ಷೆಗೆ ಬರಹಗಾರರ ನೆರವು ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರ ಫೆಬ್ರುವರಿಯಲ್ಲಿ ಗೆದ್ದರು. ಶೇ 40ರಷ್ಟು ವೈಕಲ್ಯವಿದೆ ಎಂಬ ಪ್ರಮಾಣಪತ್ರ ಇಲ್ಲದವರಿಗೂ ಬರಹಗಾರರ ನೆರವು ಸಿಗಬೇಕೆಂಬುದು ಆ ತೀರ್ಪಿನಿಂದ ಖಚಿತವಾಯಿತು. ಬೆಂಗಳೂರಿನ ಯುವ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರ್‌ನಲ್ಲಿ ಸನ್ನೆ ಭಾಷೆಯ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. ಗೆಳತಿಯ ಹೊಲಿಗೆ ಯಂತ್ರದ ಮೇಲೆ ಆ ಪತ್ರಿಕಾ ವರದಿಯ ತುಣುಕು ಅಂಟಿಸಿದೆ.

ಕಾನೂನು ಇದ್ದೂ ಕೆಲಸವಾಗದಿರುವ ಕಥೆ ಮಾತ್ರ ಮುಗಿದಿಲ್ಲ. ಸಾರ್ವಜನಿಕ ಸ್ಥಳಗಳು ಅಂಗವಿಕಲರಿಗೂ ತೆರೆದಿರಬೇಕೆಂದು ದೃಷ್ಟಿದೋಷವುಳ್ಳ ರಾಜೀವ್ ರತೂರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು 2005ರಲ್ಲಿ. 2024ರ ನವೆಂಬರ್ 8ರಂದು ಕೋರ್ಟು, 2017ರಲ್ಲಿ ಸರ್ಕಾರ ಮಾಡಿದ ನಿಯಮ ಬರೀ ಶಿಫಾರಸಿನ ರೂಪದಲ್ಲಿದೆ, ಅದು ಕಾಯ್ದೆಗೇ ವಿರುದ್ಧ, ಕಡ್ಡಾಯವಾದ ನಿಯಮಗಳನ್ನು ಮಾಡಿ ಎಂದು ಹೇಳಿತು. ಕಾಯ್ದೆ ‘ಮಾಡಲೇಬೇಕು’ ಎಂದದ್ದನ್ನು ನಿಯಮ ‘ಮಾಡಿದರೆ ಒಳ್ಳೆಯದು’ ಎಂದು ಇಳಿಸಿತ್ತು. ಮಡಿಕೇರಿಯಂಥ ಏರುತಗ್ಗಿನ ಊರಿನಲ್ಲಿ ದಿನವೂ ಊರುಗೋಲು ಊರುವ ನನಗೆ ಈ ಎರಡರ ನಡುವೆ ಎಷ್ಟು ಅಂತರವಿದೆ ಎಂದು ಯಾರೂ ವಿವರಿಸಬೇಕಿಲ್ಲ.

ಬೆಂಗಳೂರಿನ ಗೆಳೆಯನೊಬ್ಬ ಕೇಳಿದ, “ಮನೆ ಮನೆಗೆ ಹೋಗಿ ಬರೆದುಕೊಳ್ಳುವುದು ಸರಿ, ಆದರೆ ಇದರಲ್ಲಿ ಹೋರಾಟ ಎಲ್ಲಿದೆ?” ಅವನಿಗೆ ಕಳೆದ ವರ್ಷದ ಒಂದು ದಿನದ ವಿಷಯ ಹೇಳಿದೆ. ನಾವು ಮಾಡಿದ್ದ ಪಟ್ಟಿಯನ್ನು ಆಧರಿಸಿ ಒಂದು ಕಚೇರಿಗೆ ಮನವಿ ಕೊಡಲು ಹೋಗಿದ್ದೆವು. ಚರ್ಚೆಗೆ ಸಮಯ ಕೊಟ್ಟಿದ್ದರು, ಸಭೆ ಮಾತ್ರ ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅಲ್ಲಿನ ಸಿಬ್ಬಂದಿ ನಾಲ್ವರು ಕೂಡಲೇ ಮುಂದೆ ಬಂದು, “ಚಿಂತೆ ಮಾಡಬೇಡಿ, ಕುರ್ಚಿ ಸಮೇತ ಎತ್ತುತ್ತೇವೆ” ಎಂದರು. ನಮ್ಮ ಏಣಿಯಿಂದ ಬಿದ್ದ ಅಣ್ಣ ಕೈಮುಗಿದು, “ಬೇಡ ಸ್ವಾಮಿ, ನಾನು ಇಲ್ಲೇ ಇರುತ್ತೇನೆ, ಸಾಹೇಬರನ್ನು ಕೆಳಗೆ ಕರೆಯಿರಿ” ಎಂದರು. ಸಿಬ್ಬಂದಿಗೆ ಬೇಸರವಾಯಿತು, ತಾವು ಒಳ್ಳೆಯದನ್ನೇ ಮಾಡಲು ಬಂದವರಲ್ಲವೇ ಎಂದು. ಅಣ್ಣ ಧ್ವನಿ ಏರಿಸಲಿಲ್ಲ. “ನನ್ನನ್ನು ಮೇಲೆ ಹತ್ತಿಸುತ್ತೀರಿ. ಮಾತು ಮುಗಿಯುವ ಮೊದಲು ನಾನು ಸಿಟ್ಟಾಗಿ ಎದ್ದು ಹೋಗಬೇಕೆಂದರೆ ಇಳಿಸುವವರು ಯಾರು? ಮತ್ತೆ ನಿಮ್ಮನ್ನೇ ಕರೆಯಬೇಕು. ಎದ್ದು ಹೋಗಲಾರದವನು ಏನು ಚರ್ಚೆ ಮಾಡಬಲ್ಲ?” ಎಂದರು.

ನಾವೆಲ್ಲ ಪೋರ್ಟಿಕೋದಲ್ಲೇ ಕುಳಿತೆವು. ಸ್ವಲ್ಪ ಹೊತ್ತಿಗೆ ಅಧಿಕಾರಿ ತಾವಾಗಿಯೇ ಕೆಳಗೆ ಬಂದರು, ಕುರ್ಚಿ ಎಳೆದುಕೊಂಡು ಕುಳಿತರು. ಪಹಣಿಗೆ, ಪಿಂಚಣಿಗೆ ಬಂದವರೆಲ್ಲ ಸುತ್ತ ನಿಂತು ಕೇಳಿಸಿಕೊಂಡರು. ಅವರಲ್ಲಿ ಕೆಲವರು ತಮ್ಮ ಮನೆಯಲ್ಲೂ ಇಂಥವರಿದ್ದಾರೆ ಎಂದು ಅಲ್ಲೇ ಹೆಸರು ಬರೆಸಿದರು. ಮೇಲಿನ ಕೋಣೆಯಲ್ಲಿ ಸಭೆ ನಡೆದಿದ್ದರೆ ಅವರು ನಮಗೆ ಸಿಗುತ್ತಲೇ ಇರಲಿಲ್ಲ.

ಆ ದಿನ ನಾವು ಕೇಳಿದ್ದನ್ನೇ ಎಲ್ಲ ಕಡೆ ಕೇಳುತ್ತಿದ್ದೇವೆ. ಮನೆ ಬಿಟ್ಟು ಬಂದವರು ಉಳಿಯಲು ಕಾಳಜಿ ಕೇಂದ್ರ ಎಂದು ಗುರುತಿಸುವ ಪ್ರತಿ ಕಟ್ಟಡದಲ್ಲೂ ಮೆಟ್ಟಿಲಿಲ್ಲದೆ ಹೋಗಬಹುದಾದ, ಹಿಡಿಕೆ ಇರುವ ಒಂದು ಶೌಚಾಲಯ, ಒಂದು ಕಮೋಡ್ ಕುರ್ಚಿ, ಎತ್ತರ ಹೊಂದಿಸಬಹುದಾದ ಕೆಲವು ಜೊತೆ ಊರುಗೋಲು ಇರಬೇಕು. ಗ್ರಾಮ ಪಂಚಾಯಿತಿಯ ಅನುದಾನದಲ್ಲಿ ಅಂಗವಿಕಲರಿಗೆಂದು ಮೀಸಲಿಡುವ ಶೇ 5ರಲ್ಲಿ ಇದು ಕಷ್ಟದ ಮಾತಲ್ಲ. ವಿಕಲಚೇತನರ ವಿಶೇಷ ಗ್ರಾಮಸಭೆಯಲ್ಲಿ ಇದನ್ನು ನಡಾವಳಿಗೆ ಸೇರಿಸಬಹುದು. ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಬಹುತೇಕರು ತಾವೇ ಅಂಗವಿಕಲರು. ಅಲ್ಪ ಗೌರವಧನಕ್ಕೆ ಊರೆಲ್ಲ ಸುತ್ತುವ ಅವರಿಗಿಂತ ಚೆನ್ನಾಗಿ ಈ ಮನೆಗಳನ್ನು ಬಲ್ಲವರಿಲ್ಲ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ಮೆಟ್ಟಿಲಿರುವ ವೇದಿಕೆಗೆ ನಮ್ಮನ್ನು ಎತ್ತಿ ಹತ್ತಿಸಿ ಶಾಲು ಹೊದಿಸುವವರಲ್ಲಿ ನನ್ನದೊಂದು ವಿನಂತಿ. ಶಾಲಿನ ಹಣಕ್ಕೆ ಒಂದು ಜೊತೆ ಊರುಗೋಲು ಬರುತ್ತದೆ, ಅದನ್ನು ಶಾಲೆಯ ಬೀರುವಿನಲ್ಲಿಡಿ.

ಪಟ್ಟಿ ಮಾಡುವುದರಲ್ಲಿ ಒಂದು ಕಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಒಂದು ಊರಿನಲ್ಲಿ ಅವ್ವನ ವಯಸ್ಸಿನ ಹೆಂಗಸೊಬ್ಬರು ನಮ್ಮನ್ನು ಕೂರಿಸಿ, ಕಾಫಿ ಕೊಟ್ಟು, ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳಿ ಕೊನೆಗೆ, “ನನ್ನ ಮಗಳ ಹೆಸರು ಮಾತ್ರ ಬರೆಯಬೇಡ ಕೂಸೇ” ಎಂದರು. ಮಗಳಿಗೆ ಬುದ್ಧಿಮಾಂದ್ಯ, ಇಪ್ಪತ್ತರ ಹುಡುಗಿ. ಅಕ್ಕನಿಗೆ ಸಂಬಂಧ ನೋಡುತ್ತಿದ್ದಾರೆ, ಅದೊಂದು ಕಾರಣ. ಇನ್ನೊಂದನ್ನು ಅವರು ಧ್ವನಿ ತಗ್ಗಿಸಿ ಹೇಳಿದರು. ಅವರೂ ಗಂಡನೂ ತೋಟದ ಕೆಲಸಕ್ಕೆ ಹೋದರೆ ಹಗಲಿಡೀ ಆ ಹುಡುಗಿ ಒಬ್ಬಳೇ. “ಅದು ಹತ್ತು ಜನರಿಗೆ ಗೊತ್ತಾಗುವುದು ಒಳ್ಳೆಯದೇನು?”

ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕದೆ ಮುಂದಿನ ಮನೆಗೆ ಹೋಗುವುದು ಸಾಧ್ಯವಿರಲಿಲ್ಲ. ಬಹಳ ಚರ್ಚೆಯಾಯಿತು. ಕಣ್ಣು ಕಾಣದ ತಮ್ಮ ಒಂದು ದಾರಿ ಹೇಳಿದ. ಕಚೇರಿಗೆ ಹೋಗುವ ಹಾಳೆಯಲ್ಲಿ ಮನೆಗೆ ಒಂದು ಗುರುತಿನ ಸಂಖ್ಯೆ, ರಸ್ತೆಯಿಂದ ದೂರ, ಬೇಕಾದ ನೆರವು, ಹೊಣೆ ಹೊತ್ತ ನೆರೆಯವರ ಫೋನ್ ಸಂಖ್ಯೆ ಮಾತ್ರ ಇರಲಿ. ಸಂಖ್ಯೆಗೆ ಹೆಸರು ಜೋಡಿಸುವ ಹಾಳೆ ಊರಿನಲ್ಲೇ, ಆ ಮನೆಯವರು ನಂಬುವ ಒಬ್ಬರ ಬಳಿ ಇರಲಿ. ಈಗ ಎಲ್ಲ ಕಡೆ ಹೀಗೆಯೇ ಮಾಡುತ್ತೇವೆ. ಪಟ್ಟಿಯ ಫೋಟೊ ತೆಗೆಯುವುದು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಖಡಾಖಂಡಿತವಾಗಿ ಇಲ್ಲ. ಆ ತಾಯಿ ಎರಡನೇ ಸಲ ಹೋದಾಗ ಒಪ್ಪಿದರು. ನಂಬುವ ಒಬ್ಬರು ಯಾರು ಎಂದು ಕೇಳಿದರೆ ಅಂಗನವಾಡಿಯ ಟೀಚರ್ ಹೆಸರು ಹೇಳಿದರು.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಬುಡಕಟ್ಟು ಜನರ ಹಾಡಿಗಳಲ್ಲಿ ಕೆಲಸ ಇನ್ನೂ ನಿಧಾನ. ಅಲ್ಲಿ ಎಷ್ಟೋ ಜನರಿಗೆ ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿ ಇಲ್ಲ, ವೈದ್ಯಕೀಯ ಪ್ರಮಾಣಪತ್ರಕ್ಕೆಂದು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬರುವುದು ಅವರಿಗೆ ಸುಲಭವಲ್ಲ. ನಮ್ಮ ಪಟ್ಟಿಗೆ ಚೀಟಿ ಬೇಕಾಗಿಲ್ಲ. ಜರಿಯುವ ಗುಡ್ಡ ಶೇಕಡಾವಾರು ವೈಕಲ್ಯ ನೋಡಿ ಜರಿಯುವುದಿಲ್ಲ. ಹೋದ ಕಡೆಯೆಲ್ಲ ನಮ್ಮ ಅಣ್ಣನಂತೆ ಏಣಿಯಿಂದ, ಮರದಿಂದ ಬಿದ್ದವರು ಸಿಗುತ್ತಾರೆ. ಅಲ್ಯೂಮಿನಿಯಂ ಏಣಿ ಕರೆಂಟು ತಂತಿಗೆ ತಾಗಿ ಕೈ ಕಳೆದುಕೊಂಡವರನ್ನೂ ನೋಡಿದೆವು. ನಮ್ಮ ಜಿಲ್ಲೆಯ ಕಾಫಿ, ಮೆಣಸಿನ ಹಿಂದೆ ಇವರ ಬೆನ್ನು, ಕೈಗಳಿವೆ. ಇವರ ಬಗ್ಗೆ ಬೇರೆಯೇ ಬರೆಯಬೇಕು, ಅಣ್ಣನಿಂದಲೇ ಬರೆಸುತ್ತೇನೆ.

ಈ ಸಲ ಜೂನ್ ಮೊದಲ ವಾರದೊಳಗೆ ಗಾಳಿಬೀಡು, ಕಾಲೂರು ಕಡೆಯ ಮನೆಗಳನ್ನು ಮುಗಿಸಬೇಕೆಂದಿದ್ದೇವೆ. ಭಾಗಮಂಡಲ, ಸಂಪಾಜೆ ಕಡೆ ನಮಗೆ ದಾರಿ ತೋರಿಸುವವರು ಇನ್ನೂ ಸಿಕ್ಕಿಲ್ಲ. ಅಲ್ಲಿನ ಕಾಲೇಜು ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಮುಂದೆ ಬನ್ನಿ, ನೀವು ಅಂಗವಿಕಲರಾಗಿದ್ದರೆ ಖಂಡಿತ ಬನ್ನಿ. ಎರವ, ಜೇನುಕುರುಬ ಮಾತು ಬಲ್ಲವರು, ಅಸ್ಸಾಮಿನಿಂದ ಬಂದ ಕಾರ್ಮಿಕರೊಂದಿಗೆ ಮಾತನಾಡಬಲ್ಲವರು ತುರ್ತಾಗಿ ಬೇಕು. ಜೀಪು ಇರುವವರು ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಅಣ್ಣನ ಗಾಲಿಕುರ್ಚಿಯನ್ನೂ ಹಾಕಿಕೊಂಡು ಹೋಗಬಹುದು. ಡೀಸೆಲ್ ಖರ್ಚು ನಾವೇ ಹಂಚಿಕೊಳ್ಳುತ್ತೇವೆ.